ಹೆಂಗಸರಿಗೆ ಟೆಸ್ಟೋಸ್ಟೆರಾನ್: ಯಾರಿಗೆ, ಎಷ್ಟು, ಯಾಕೆ

(ಮುಟ್ಟು ನಿಲ್ಲುವ ವಯಸ್ಸಿನ ಆರೋಗ್ಯದ ಬಗ್ಗೆ ಸಾರ್ವಜನಿಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಎರಡು ಅಂಕಿ ಹೇಳಿಬಿಡುತ್ತೇನೆ. ಟೆಸ್ಟೋಸ್ಟೆರಾನ್ ಕಮ್ಮಿ ಇರುವ ಗಂಡಸಿಗೆ ಚರ್ಮಕ್ಕೆ ಹಚ್ಚುವ ಜೆಲ್ ಕೊಡುವಾಗ ಸಾಮಾನ್ಯವಾಗಿ ದಿನಕ್ಕೆ 40ರಿಂದ 50 ಮಿಲಿಗ್ರಾಂನಲ್ಲಿ ಶುರು ಮಾಡುತ್ತೇವೆ. ಹೆಂಗಸಿಗೆ ಕೊಡುವುದು ದಿನಕ್ಕೆ 5 ಮಿಲಿಗ್ರಾಂ. ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಪಾಲು. ಇವತ್ತು ನಾನು ಆಡುವ ಮಾತೆಲ್ಲ ಈ ಒಂದು ಪಾಲಿನ ಸುತ್ತಲೇ ಇದೆ. ಸರಿಯಾದ ಪ್ರಮಾಣದಲ್ಲಿ, ಸರಿಯಾದ ಕಾರಣಕ್ಕೆ, ಅಂದರೆ ಮುಟ್ಟು ನಿಂತ ಮೇಲೆ ಲೈಂಗಿಕ ಆಸೆ ಕುಂದಿ ಸಂಕಟಪಡುವವರಿಗೆ ಕೊಟ್ಟರೆ ಕೆಲವು ಹೆಂಗಸರಿಗೆ ಇದು ನಿಜಕ್ಕೂ ಕೆಲಸಕ್ಕೆ ಬರುವ ಔಷಧಿ. ಪ್ರಮಾಣ ತಪ್ಪಿದರೆ ಗಲ್ಲದ ಮೇಲೆ ಕೂದಲು, ಒಡೆದ ದನಿ. ಕಾರಣ ತಪ್ಪಿದರೆ ದುಡ್ಡು ದಂಡ.

ಈ ವಿಷಯ ಎತ್ತಿದ ಕೂಡಲೇ ಎರಡು ಥರದವರು ಸಿಗುತ್ತಾರೆ. "ಅಯ್ಯೋ, ಅದು ಗಂಡಸರ ಹಾರ್ಮೋನು, ಹೆಂಗಸರಿಗೆ ಯಾಕೆ" ಅನ್ನುವವರು ಒಂದು ಕಡೆ. ಡಾಕ್ಟರುಗಳಲ್ಲೂ ಇವರಿದ್ದಾರೆ. ಇನ್ನೊಂದು ಕಡೆ, ಫೋನಿನಲ್ಲಿ ಒಂದು ನಿಮಿಷದ ವೀಡಿಯೊ ಮಾಡಿ "ಸುಸ್ತು, ಮರೆವು, ಬೊಜ್ಜು, ಬೇಜಾರು, ಎಲ್ಲಕ್ಕೂ ಟೆಸ್ಟೋಸ್ಟೆರಾನ್" ಅನ್ನುವವರು. ನನಗೆ ಇಬ್ಬರ ಮೇಲೂ ತಕರಾರಿದೆ. ಮೊದಲನೆಯವರಿಗೆ ಉತ್ತರ ಕೊಡುವುದು ಸುಲಭ, ಅಲ್ಲಿಂದಲೇ ಶುರು ಮಾಡೋಣ.

ಹೆಂಗಸಿನ ಮೈಯಲ್ಲಿ ಟೆಸ್ಟೋಸ್ಟೆರಾನ್ ಹುಟ್ಟಿನಿಂದಲೂ ಇದೆ. ಪ್ರಾಯದಲ್ಲಿ ಸುಮಾರು ಕಾಲು ಭಾಗ ಅಂಡಾಶಯದಿಂದ ಬರುತ್ತದೆ. ಇನ್ನೊಂದು ಕಾಲು ಭಾಗ ಕಿಡ್ನಿಯ ಮೇಲೆ ಟೋಪಿ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಗಳಿಂದ. ಉಳಿದ ಅರ್ಧ ಕೊಬ್ಬು, ಚರ್ಮ ಮುಂತಾದ ಕಡೆ ಬೇರೆ ಹಾರ್ಮೋನುಗಳು ಬದಲಾಗಿ ತಯಾರಾಗುತ್ತದೆ. ಅಷ್ಟೇ ಅಲ್ಲ. ಹೆಂಗಸರ ಹಾರ್ಮೋನು ಅಂತ ಹೆಸರಾದ ಈಸ್ಟ್ರೋಜನ್ ಹುಟ್ಟುವುದು ಇದರಿಂದ ಮತ್ತು ಇದರ ಬಳಗದ ಹಾರ್ಮೋನುಗಳಿಂದ. ಅರೊಮಾಟೇಸ್ ಅನ್ನುವ ಕಿಣ್ವ ಟೆಸ್ಟೋಸ್ಟೆರಾನನ್ನು ಮುಖ್ಯ ಈಸ್ಟ್ರೋಜನ್ ಆದ ಈಸ್ಟ್ರಡಯಾಲ್ ಆಗಿ ಬದಲಿಸುತ್ತದೆ.

ನಿಮ್ಮ ಹತ್ತಿರ ಹಳೆಯ ಲ್ಯಾಬ್ ರಿಪೋರ್ಟ್ ಇದ್ದರೆ ಒಂದು ತಮಾಷೆ ನೋಡಬಹುದು. ಈಸ್ಟ್ರಡಯಾಲ್ ಮುಂದೆ 40 ಅಂತಿರುತ್ತದೆ, ಟೆಸ್ಟೋಸ್ಟೆರಾನ್ ಮುಂದೆ 30 ಅಂತಿರುತ್ತದೆ. ಈಸ್ಟ್ರೋಜನ್ ಜಾಸ್ತಿ ಅಂತ ಕಾಣುತ್ತದೆ ಅಲ್ವಾ? ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದ ಅಳತೆ ನೋಡಿ. ಮೊದಲನೆಯದು ಒಂದು ಮಿಲಿಲೀಟರ್ ರಕ್ತದಲ್ಲಿ ಎಷ್ಟು ಪಿಕೊಗ್ರಾಂ ಅನ್ನುವ ಲೆಕ್ಕ. ಎರಡನೆಯದು ಒಂದು ಡೆಸಿಲೀಟರ್‌ನಲ್ಲಿ ಎಷ್ಟು ನ್ಯಾನೊಗ್ರಾಂ ಅನ್ನುವ ಲೆಕ್ಕ. ಡೆಸಿಲೀಟರ್ ಅಂದರೆ ನೂರು ಮಿಲಿಲೀಟರ್, ನ್ಯಾನೊಗ್ರಾಂ ಅಂದರೆ ಸಾವಿರ ಪಿಕೊಗ್ರಾಂ. ಎರಡನ್ನೂ ಒಂದೇ ಅಳತೆಗೆ ತಂದರೆ ಟೆಸ್ಟೋಸ್ಟೆರಾನಿನ 30 ಅಂದರೆ 300. ಈಸ್ಟ್ರಡಯಾಲ್ 40. ತಿಂಗಳ ಬಹುಪಾಲು ದಿನ ಹೆಂಗಸಿನ ರಕ್ತದಲ್ಲಿ ತೂಕದ ಲೆಕ್ಕದಲ್ಲಿ ಜಾಸ್ತಿ ಓಡಾಡುವುದು ಟೆಸ್ಟೋಸ್ಟೆರಾನೇ. ತೂಕ ಜಾಸ್ತಿ ಅಂದ ಮಾತ್ರಕ್ಕೆ ಅದರ ಪ್ರಭಾವ ಜಾಸ್ತಿ ಅಂತ ಅಲ್ಲ. ಈಸ್ಟ್ರಡಯಾಲ್ ಬಹಳ ಕಮ್ಮಿ ಪ್ರಮಾಣದಲ್ಲೇ ದೊಡ್ಡ ಕೆಲಸ ಮಾಡುತ್ತದೆ. ಆದರೂ "ಹೆಂಗಸರಿಗೂ ಟೆಸ್ಟೋಸ್ಟೆರಾನಿಗೂ ಸಂಬಂಧವಿಲ್ಲ" ಅನ್ನುವ ವಾದ ಇಲ್ಲಿಗೆ ಮುಗಿಯಿತು.

ಇನ್ನು ವಯಸ್ಸಿನ ಮಾತು. ಇಲ್ಲೊಂದು ತಪ್ಪು ತಿಳಿವಳಿಕೆ ಗಟ್ಟಿಯಾಗಿ ಕೂತಿದೆ. ಮುಟ್ಟು ನಿಂತ ಕೂಡಲೇ ಈಸ್ಟ್ರೋಜನ್ ಹಾಗೆ ಟೆಸ್ಟೋಸ್ಟೆರಾನ್ ಕೂಡ ಧೊಪ್ಪನೆ ಬಿದ್ದುಹೋಗುತ್ತದೆ ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ಹಾಗಾಗುವುದಿಲ್ಲ. ಅದು ಇಪ್ಪತ್ತರ ಹರೆಯದಿಂದಲೇ ನಿಧಾನಕ್ಕೆ ಇಳಿಯುತ್ತಾ ಬರುತ್ತದೆ. ನಲವತ್ತು ದಾಟುವ ಹೊತ್ತಿಗೆ ಸುಮಾರು ಅರ್ಧಕ್ಕೆ ಬಂದಿರುತ್ತದೆ. ಮುಟ್ಟು ತಾನಾಗಿ ನಿಲ್ಲುವ ಹೊತ್ತಿಗೆ ವಿಶೇಷ ಕುಸಿತವೇನೂ ಇಲ್ಲ. ಮುಟ್ಟು ನಿಂತ ಮೇಲೂ ಅಂಡಾಶಯ ಸ್ವಲ್ಪ ಟೆಸ್ಟೋಸ್ಟೆರಾನ್ ಮಾಡುತ್ತಲೇ ಇರುತ್ತದೆ.

ಧೊಪ್ಪನೆ ಬೀಳುವುದು ಆಪರೇಷನ್ ಮಾಡಿ ಎರಡೂ ಅಂಡಾಶಯ ತೆಗೆದಾಗ. ಆಗ ರಾತ್ರಿ ಬೆಳಗಾಗುವುದರೊಳಗೆ ಸುಮಾರು ಅರ್ಧದಷ್ಟು ಹೋಗುತ್ತದೆ. ಗರ್ಭಕೋಶ ತೆಗೆಯುವಾಗ "ಹೇಗೂ ವಯಸ್ಸಾಯಿತು, ಅಂಡಾಶಯವೂ ಹೋಗಲಿ ಬಿಡಿ" ಅಂತ ತೀರ್ಮಾನ ಮಾಡುವುದುಂಟು. ಅದಕ್ಕೆ ಕೆಲವು ಸಲ ಒಳ್ಳೆಯ ಕಾರಣ ಇರುತ್ತದೆ. ಕಾರಣ ಇಲ್ಲದಿದ್ದಾಗಲೂ ತೆಗೆಸಿಕೊಂಡವರನ್ನು ಜಾಸ್ತಿ ನೋಡಿದ್ದೇನೆ, ಅದು ನನಗೆ ಸಿಟ್ಟು ತರಿಸುವ ವಿಷಯ. ಅದಿರಲಿ.

ರಕ್ತದಲ್ಲಿ ಇರುವ ಟೆಸ್ಟೋಸ್ಟೆರಾನ್ ಎಲ್ಲವೂ ಕೆಲಸಕ್ಕೆ ಸಿಗುವುದಿಲ್ಲ. ಬಹುಪಾಲನ್ನು ಎಸ್‌ಎಚ್‌ಬಿಜಿ ಅನ್ನುವ ಪ್ರೋಟೀನ್ ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಉಳಿದದ್ದನ್ನು ಆಲ್ಬುಮಿನ್ ಅನ್ನುವ ಇನ್ನೊಂದು ಪ್ರೋಟೀನ್ ಸಡಿಲವಾಗಿ ಹಿಡಿದಿರುತ್ತದೆ. ಪೂರ್ತಿ ಬಿಡಿಯಾಗಿ ಓಡಾಡುವುದು ನೂರಕ್ಕೆ ಒಂದೆರಡು ಪಾಲು ಮಾತ್ರ. ಈ ವಿವರ ಯಾಕೆ ಹೇಳಿದೆ ಅಂದರೆ, ಮುಟ್ಟು ನಿಲ್ಲುವಾಗಿನ ತೊಂದರೆಗಳಿಗೆ ಅಂತ ಬಾಯಿಂದ ತೆಗೆದುಕೊಳ್ಳುವ ಈಸ್ಟ್ರೋಜನ್ ಮಾತ್ರೆ ಲಿವರಿನ ಮೂಲಕ ಹಾದುಹೋಗುವಾಗ ಎಸ್‌ಎಚ್‌ಬಿಜಿಯನ್ನು ಏರಿಸುತ್ತದೆ. ಗರ್ಭನಿರೋಧಕ ಮಾತ್ರೆಗಳೂ ಹಾಗೇ. ಎಸ್‌ಎಚ್‌ಬಿಜಿ ಏರಿದರೆ ಬಿಡಿ ಟೆಸ್ಟೋಸ್ಟೆರಾನ್ ಇಳಿಯುತ್ತದೆ. ಚರ್ಮದ ಮೂಲಕ ಹೋಗುವ ಈಸ್ಟ್ರೋಜನ್, ಅಂದರೆ ಪ್ಯಾಚ್ ಅಥವಾ ಜೆಲ್, ಈ ತೊಂದರೆಯನ್ನು ಅಷ್ಟಾಗಿ ಕೊಡುವುದಿಲ್ಲ. ಹಾಗಾಗಿ ಈಸ್ಟ್ರೋಜನ್ ಮಾತ್ರೆ ನುಂಗುತ್ತಿರುವವರು "ಆಸಕ್ತಿಯೇ ಇಲ್ಲ ಡಾಕ್ಟ್ರೇ" ಅಂತ ಬಂದರೆ ಟೆಸ್ಟೋಸ್ಟೆರಾನ್ ಚೀಟಿ ಬರೆಯುವ ಮೊದಲು ಮಾತ್ರೆಯನ್ನು ಪ್ಯಾಚಿಗೋ ಜೆಲ್‌ಗೋ ಬದಲಿಸಿ ನೋಡಬಹುದು. ಕೆಲವರಿಗೆ ಅಷ್ಟೇ ಸಾಕಾಗುತ್ತದೆ.

ಸ್ವಲ್ಪ ಇತಿಹಾಸ. 1935ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅರ್ನ್ಸ್ಟ್ ಲಾಕರ್ ಅವರ ತಂಡ ಹೋರಿಗಳ ವೃಷಣದಿಂದ ಈ ಹಾರ್ಮೋನನ್ನು ಬೇರ್ಪಡಿಸಿತು. ನೂರು ಕಿಲೋ ವೃಷಣದಿಂದ ಸಿಕ್ಕಿದ್ದು 10 ಮಿಲಿಗ್ರಾಂ. ಅದೇ ವರ್ಷ ಬುಟೆನಾಂಡ್ಟ್ ಮತ್ತು ರುಜಿಚ್ಕಾ ಅನ್ನುವ ಇಬ್ಬರು ವಿಜ್ಞಾನಿಗಳು ಬೇರೆಬೇರೆಯಾಗಿ ಅದನ್ನು ಲ್ಯಾಬಿನಲ್ಲಿ ತಯಾರಿಸಿದರು. 1939ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಇಬ್ಬರಿಗೂ ಹಂಚಿಹೋಯಿತು. ಅದಾದ ಕೆಲವೇ ವರ್ಷಗಳಲ್ಲಿ ಹೆಂಗಸರಿಗೂ ಇದನ್ನು ಕೊಡಲು ಶುರು ಮಾಡಿದ್ದರು. ಸ್ತನ ಕ್ಯಾನ್ಸರಿಗೆ ದೊಡ್ಡ ದೊಡ್ಡ ಪ್ರಮಾಣದಲ್ಲಿ ಕೊಟ್ಟಾಗ ಕೆಲವರಲ್ಲಿ ಲೈಂಗಿಕ ಆಸೆ ಹೆಚ್ಚಿದ್ದು ವೈದ್ಯರ ಕಣ್ಣಿಗೆ ಬಿತ್ತು. ಅಂದರೆ ಇದು ಮೊನ್ನೆ ಮೊನ್ನೆ ಹುಟ್ಟಿದ ಫ್ಯಾಷನ್ ಅಲ್ಲ.

ಆದರೆ ಹೆಂಗಸರ ಪ್ರಮಾಣಕ್ಕೆ ತಕ್ಕ ಔಷಧಿ ಬರಲು ಬಹಳ ಕಾಲ ಹಿಡಿಯಿತು. ಹೊಟ್ಟೆಯ ಚರ್ಮಕ್ಕೆ ಅಂಟಿಸುವ ಒಂದು ಪ್ಯಾಚ್ ತಯಾರಾಯಿತು. ಇಂಟ್ರಿನ್ಸಾ ಅಂತ ಅದರ ಹೆಸರು. ದಿನಕ್ಕೆ 300 ಮೈಕ್ರೊಗ್ರಾಂ ಮೈಗೆ ಬಿಡುತ್ತಿತ್ತು. 2004ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎಯ ಸಲಹಾ ಸಮಿತಿ ಅದಕ್ಕೆ ಬೇಡ ಅಂದಿತು. ಕೆಲಸ ಮಾಡುವುದಿಲ್ಲ ಅಂತಲ್ಲ. ಹೃದಯ, ಸ್ತನ ಇವುಗಳ ಮೇಲೆ ದೀರ್ಘಕಾಲದ ಪರಿಣಾಮ ಏನು ಅಂತ ಇನ್ನಷ್ಟು ಮಾಹಿತಿ ಬೇಕು ಅಂತ. 2002ರಲ್ಲಿ ಹಾರ್ಮೋನ್ ಚಿಕಿತ್ಸೆಯ, ಅಂದರೆ ಮುಟ್ಟು ನಿಂತವರಿಗೆ ಈಸ್ಟ್ರೋಜನ್ ಮುಂತಾದವನ್ನು ಕೊಡುವುದರ ಮೇಲಿನ ದೊಡ್ಡ ಅಧ್ಯಯನವೊಂದರ ಫಲಿತಾಂಶ ಬಂದು ಎಲ್ಲರೂ ಹೆದರಿ ಕೂತಿದ್ದ ಕಾಲ ಅದು. ಆ ಹೆದರಿಕೆ ನನಗೆ ಅರ್ಥವಾಗುತ್ತದೆ. ಯುರೋಪಿನಲ್ಲಿ 2006ರಲ್ಲಿ ಆ ಪ್ಯಾಚಿಗೆ ಒಪ್ಪಿಗೆ ಸಿಕ್ಕಿತು. ಗರ್ಭಕೋಶ, ಅಂಡಾಶಯ ಎರಡೂ ತೆಗೆಸಿಕೊಂಡು ಈಸ್ಟ್ರೋಜನ್ ತೆಗೆದುಕೊಳ್ಳುತ್ತಿರುವವರಿಗೆ ಮಾತ್ರ. 2012ರಲ್ಲಿ ವ್ಯಾಪಾರದ ಕಾರಣ ಕೊಟ್ಟು ಕಂಪನಿಯೇ ಅದನ್ನು ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡಿತು.

ಇನ್ನೊಂದು ಕಥೆ ನನಗೆ ಬಹಳ ಇಷ್ಟ. ಲಿಬಿಜೆಲ್ ಅನ್ನುವ ಜೆಲ್ ಬಂತು. 2011ರ ಕೊನೆಗೆ ಅದರ ದೊಡ್ಡ ಪರೀಕ್ಷೆಗಳ ಫಲಿತಾಂಶ ಹೊರಬಿತ್ತು. ಜೆಲ್ ಹಚ್ಚಿಕೊಂಡವರಿಗೆ ಗುಣ ಕಂಡಿತ್ತು. ಔಷಧಿ ಇಲ್ಲದ ಖಾಲಿ ಜೆಲ್ ಹಚ್ಚಿಕೊಂಡವರಿಗೂ ಹೆಚ್ಚುಕಡಿಮೆ ಅಷ್ಟೇ ಗುಣ ಕಂಡಿತ್ತು! ಕಥೆ ಅಲ್ಲಿಗೆ ಮುಗಿಯಿತು. ಇದನ್ನು ಕೇಳಿ ನಗು ಬರಬಹುದು. ನಾನು ಬೇರೆ ಥರ ನೋಡುತ್ತೇನೆ. ವರ್ಷಗಟ್ಟಲೆ ಯಾರೂ ಕೇಳದ ವಿಷಯವನ್ನು ಒಬ್ಬರು ಕೂರಿಸಿಕೊಂಡು ಕೇಳುತ್ತಾರೆ. ಡೈರಿ ಬರೆಯಿರಿ ಅನ್ನುತ್ತಾರೆ. ಮನೆಯಲ್ಲಿ ಗಂಡನ ಜೊತೆ ಮಾತು ಶುರುವಾಗುತ್ತದೆ. ಇಷ್ಟರಿಂದಲೇ ಅರ್ಧ ದಾರಿ ಸವೆಯುತ್ತದೆ. ಆಸೆ ಅನ್ನುವುದು ಬರೀ ಹಾರ್ಮೋನಿನ ಲೆಕ್ಕ ಆಗಿದ್ದರೆ ಖಾಲಿ ಜೆಲ್ ಏನೂ ಮಾಡಬಾರದಿತ್ತು.

ಹಾಗಾದರೆ ಟೆಸ್ಟೋಸ್ಟೆರಾನ್ ಸುಮ್ನೆನಾ? ಇಲ್ಲ. ಇಲ್ಲಿ ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ.

2008ರಲ್ಲಿ ಒಂದು ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ಮುಟ್ಟು ನಿಂತ, ಈಸ್ಟ್ರೋಜನ್ ತೆಗೆದುಕೊಳ್ಳದ 814 ಹೆಂಗಸರು. 300 ಮೈಕ್ರೊಗ್ರಾಂ ಪ್ಯಾಚ್ ಹಾಕಿಕೊಂಡವರಲ್ಲಿ, ಅವರಿಗೇ ತೃಪ್ತಿ ಕೊಟ್ಟ ಲೈಂಗಿಕ ಅನುಭವ ನಾಲ್ಕು ವಾರಕ್ಕೆ ಸರಾಸರಿ 2.1ರಷ್ಟು ಹೆಚ್ಚಿತು. ಖಾಲಿ ಪ್ಯಾಚ್ ಹಾಕಿಕೊಂಡವರಲ್ಲಿ 0.7. ಆಮೇಲೆ 2019ರಲ್ಲಿ 36 ಪರೀಕ್ಷೆಗಳನ್ನು, ಒಟ್ಟು ಎಂಟು ಸಾವಿರಕ್ಕೂ ಹೆಚ್ಚು ಹೆಂಗಸರ ಮಾಹಿತಿಯನ್ನು, ಒಟ್ಟಿಗೆ ಇಟ್ಟು ಲೆಕ್ಕ ಹಾಕಿದರು. ಮುಟ್ಟು ನಿಂತವರಲ್ಲಿ ಅಂಥ ಅನುಭವ ಖಾಲಿ ಔಷಧಿಗಿಂತ ತಿಂಗಳಿಗೆ ಸರಾಸರಿ 0.85ರಷ್ಟು ಜಾಸ್ತಿ. ಒಂದಕ್ಕಿಂತ ಕಮ್ಮಿ.

"ಇಷ್ಟಕ್ಕಾ ಇಷ್ಟೆಲ್ಲ?" ಅಂತ ಕೇಳುವವರಿದ್ದಾರೆ. ನನಗೆ ಈ ಎಣಿಕೆಯೇ ಅಷ್ಟು ಇಷ್ಟವಿಲ್ಲ. ತಿಂಗಳಿಗೆ ಎಷ್ಟು ಸಲ ಅನ್ನುವುದು ಯಾರಿಗೆ ಬೇಕಾದ ಲೆಕ್ಕ? ಅದೇ ಅಧ್ಯಯನದಲ್ಲಿ ಆಸೆ, ಉದ್ರೇಕ, ಸುಖ, ತನ್ನ ಬಗ್ಗೆ ತನಗಿರುವ ಅಭಿಪ್ರಾಯ ಇವೆಲ್ಲ ಸುಧಾರಿಸಿದವು. ಈ ವಿಷಯಕ್ಕಾಗಿ ಪಡುತ್ತಿದ್ದ ಸಂಕಟ ಕಮ್ಮಿಯಾಯಿತು. ನನ್ನ ಮಟ್ಟಿಗೆ ಆ ಕೊನೆಯದೇ ಮುಖ್ಯ.

ಅದೇ ವರ್ಷ ಹಲವು ದೇಶಗಳ ವೈದ್ಯ ಸಂಘಗಳು ಸೇರಿ ಒಂದು ಜಾಗತಿಕ ಒಮ್ಮತದ ಹೇಳಿಕೆ ಹೊರಡಿಸಿದವು. ಅದರ ಸಾರ ಹೀಗಿದೆ: ಟೆಸ್ಟೋಸ್ಟೆರಾನ್ ಕೊಡಲು ಪುರಾವೆ ಇರುವುದು ಒಂದೇ ಕಾರಣಕ್ಕೆ. ಮುಟ್ಟು ನಿಂತ ಹೆಂಗಸಿನಲ್ಲಿ ಲೈಂಗಿಕ ಆಸೆ ಕುಂದಿ, ಅದರಿಂದ ಆಕೆಗೇ ಸಂಕಟವಾಗುತ್ತಿದ್ದರೆ. ಅಷ್ಟೇ. ಸುಸ್ತಿಗೆ ಪುರಾವೆ ಇಲ್ಲ. ಮಂಕು ಕವಿದ ಹಾಗೆ ಆಗುವುದಕ್ಕೆ, ಮರೆವಿಗೆ ಇಲ್ಲ. ಮೂಳೆ ಗಟ್ಟಿಯಾಗಲು, ತೂಕ ಇಳಿಸಲು, ಬೇಜಾರು ಕಳೆಯಲು ಯಾವುದಕ್ಕೂ ಕೊಡುವಷ್ಟು ಪುರಾವೆ ಇಲ್ಲ. ವೀಡಿಯೊ ಮಾಡುವವರ ಮೇಲೆ ನನ್ನ ತಕರಾರು ಇದೇ. ಸಣ್ಣದೊಂದು ನಿಜವನ್ನು ಹಿಡಿದು ಊರಗಲ ಹಿಗ್ಗಿಸುತ್ತಾರೆ. ಆಮೇಲೆ ಸುಸ್ತಿಗೆ ಅಂತ ಹಚ್ಚಿಕೊಂಡು ಏನೂ ಆಗದಾಗ ಜನ ಆ ಸಣ್ಣ ನಿಜವನ್ನೂ ನಂಬುವುದಿಲ್ಲ.

"ಆಕೆಗೇ ಸಂಕಟ" ಅಂದೆನಲ್ಲ, ಆ ಮಾತನ್ನು ಒತ್ತಿ ಹೇಳಬೇಕು. ಆಸೆ ಕಮ್ಮಿಯಾಗಿದೆ, ಆದರೆ ಅದರ ಬಗ್ಗೆ ನನಗೇನೂ ಬೇಸರವಿಲ್ಲ ಅನ್ನುವ ಹೆಂಗಸರು ಬೇಕಾದಷ್ಟಿದ್ದಾರೆ. ಅವರಿಗೆ ಯಾವ ಕಾಯಿಲೆಯೂ ಇಲ್ಲ. ಒಮ್ಮೊಮ್ಮೆ ಗಂಡ ಕರೆದುಕೊಂಡು ಬರುತ್ತಾರೆ. "ಇವಳಿಗೆ ಏನಾದರೂ ಕೊಡಿ ಡಾಕ್ಟ್ರೇ" ಅನ್ನುತ್ತಾರೆ. ಆಕೆ ನೆಲ ನೋಡುತ್ತಾ ಕೂತಿರುತ್ತಾರೆ. ಆಗ ನಾನು ಗಂಡನನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಹೇಳುತ್ತೇನೆ. "ನಿಮಗೆ ಬೇಕಾ?" ಅಂತ ಆಕೆಯನ್ನೇ ಕೇಳುತ್ತೇನೆ. ಬರುವ ಉತ್ತರ ಹಲವು ಸಲ ಹಾರ್ಮೋನಿನ ಬಗ್ಗೆ ಇರುವುದೇ ಇಲ್ಲ.

ನೋವಿದ್ದರೆ ಮೊದಲು ನೋವು ಕಳೆಯಬೇಕು. ಮುಟ್ಟು ನಿಂತ ಮೇಲೆ ಯೋನಿ ಒಣಗಿ, ಸೇರುವುದೆಂದರೆ ಉರಿ ಅನ್ನುವ ಸ್ಥಿತಿ ಬಹಳ ಜನಕ್ಕೆ ಬರುತ್ತದೆ. ನೋಯುವ ಕೆಲಸಕ್ಕೆ ಯಾರಿಗೆ ಆಸೆ ಹುಟ್ಟೀತು ಹೇಳಿ. ಅಲ್ಲಿಗೇ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಅಥವಾ ಒಳಗಿಡುವ ಮಾತ್ರೆ ಇದಕ್ಕೆ ಒಳ್ಳೆಯ ಮದ್ದು. ರಾತ್ರಿಯಿಡೀ ಬೆವತು ನಿದ್ದೆಗೆಟ್ಟವರಿಗೆ ಮೊದಲು ಆ ಬೆವರು ನಿಲ್ಲಬೇಕು, ಅದಕ್ಕೂ ಈಸ್ಟ್ರೋಜನ್ನೇ. ಖಿನ್ನತೆ ಇದೆಯೇ ನೋಡಬೇಕು. ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಮಾತ್ರೆಗಳೇ ಆಸೆ ಕುಂದಿಸುತ್ತವೆ, ಅದನ್ನೂ ನೋಡಬೇಕು. ಥೈರಾಯ್ಡ್, ರಕ್ತಹೀನತೆ ನೋಡಬೇಕು. ಮತ್ತೆ ಸಂಸಾರ. ಇಪ್ಪತ್ತು ವರ್ಷದ ಮನಸ್ತಾಪವನ್ನು 5 ಮಿಲಿಗ್ರಾಂ ಕ್ರೀಮ್ ಕರಗಿಸುವುದಿಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ ಹೇಳಿದ್ದೂ ಇದೇ ಸಾಲಿನಲ್ಲಿದೆ: ಮೊದಲು ಸಾಮಾನ್ಯ ಹಾರ್ಮೋನ್ ಚಿಕಿತ್ಸೆ, ಅದರಿಂದ ಆಸೆ ಮರಳದಿದ್ದರೆ ಟೆಸ್ಟೋಸ್ಟೆರಾನ್ ಬಗ್ಗೆ ಯೋಚಿಸಿ.

ಈಗ ರಕ್ತ ಪರೀಕ್ಷೆ. "ನನ್ನ ಟೆಸ್ಟೋಸ್ಟೆರಾನ್ ಕಮ್ಮಿ ಇದೆ, ಅದಕ್ಕೇ ಹೀಗೆ" ಅಂತ ರಿಪೋರ್ಟ್ ಹಿಡಿದು ಬರುವವರು ಈಗ ಜಾಸ್ತಿಯಾಗಿದ್ದಾರೆ. ಆ ಅಂಕಿಯಿಂದ ರೋಗ ಹೇಳಲು ಬರುವುದಿಲ್ಲ. 2005ರಲ್ಲಿ ಆಸ್ಟ್ರೇಲಿಯಾದಲ್ಲಿ ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ಮಾಡಿದ ಅಧ್ಯಯನದಲ್ಲಿ, ಇಷ್ಟಕ್ಕಿಂತ ಕೆಳಗಿದ್ದರೆ ಆಸೆ ಕಮ್ಮಿ ಅಂತ ಹೇಳಬಹುದಾದ ಒಂದು ಗೆರೆ ಟೆಸ್ಟೋಸ್ಟೆರಾನಿಗೆ ಸಿಗಲೇ ಇಲ್ಲ. ಅಂಕಿ ಕೆಳಗಿದ್ದೂ ಚೆನ್ನಾಗಿರುವವರಿದ್ದಾರೆ. ಅಂಕಿ ಮೇಲಿದ್ದೂ ಆಸೆ ಇಲ್ಲದವರಿದ್ದಾರೆ. ಜೊತೆಗೆ, ಬಹಳ ಲ್ಯಾಬುಗಳ ಯಂತ್ರಗಳು ಗಂಡಸರ ಮಟ್ಟವನ್ನು ಅಳೆಯಲು ಚೆನ್ನಾಗಿವೆ, ಹೆಂಗಸರ ಸಣ್ಣ ಮಟ್ಟಕ್ಕೆ ಬಂದಾಗ ತಡವರಿಸುತ್ತವೆ. ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೊಮೆಟ್ರಿ ವಿಧಾನ ಹೆಚ್ಚು ನಂಬಿಕೆಯದು. ಇನ್ನೊಂದು ಎಡವಟ್ಟು: ಕೂದಲು ಉದುರುತ್ತದೆ ಅಂತ ಬಯೋಟಿನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಕೆಲವು ಯಂತ್ರಗಳು ಇಲ್ಲದ ಟೆಸ್ಟೋಸ್ಟೆರಾನನ್ನು ಇದೆ ಅಂತ ತೋರಿಸುತ್ತವೆ. ರಕ್ತ ಕೊಡುವ ಮೊದಲು ಲ್ಯಾಬಿನವರಿಗೆ ಅದನ್ನು ಹೇಳಿ.

ಹಾಗಾದರೆ ಪರೀಕ್ಷೆ ಯಾಕೆ? ಶುರು ಮಾಡುವ ಮೊದಲೇ ಮಟ್ಟ ಮೇಲಿದ್ದರೆ ಕೊಡಬಾರದು, ಅದಕ್ಕೆ. ಕೊಟ್ಟ ಮೇಲೆ ಅತಿಯಾಗದಂತೆ ಕಾಯಲು. ಮೊದಲು ಒಂದು ಸಲ, ಶುರುವಾಗಿ ಮೂರರಿಂದ ಆರು ವಾರಕ್ಕೆ ಒಂದು ಸಲ, ಆಮೇಲೆ ಆರು ತಿಂಗಳಿಗೊಮ್ಮೆ. ಪ್ರಾಯದ ಹೆಂಗಸಿನಲ್ಲಿ ಸಹಜವಾಗಿ ಇರುವ ಮಟ್ಟವನ್ನು ದಾಟಬಾರದು. ಇಷ್ಟೇ ಗುರಿ.

ಹಚ್ಚುವುದು ಹೇಗೆ ಅಂತ ನೋಡೋಣ. ಹೆಂಗಸರಿಗಾಗಿಯೇ ಮಾಡಿದ ಒಂದು ಕ್ರೀಮ್ ಇದೆ, ಆಂಡ್ರೊಫೆಮ್. 2020ರಲ್ಲಿ ಆಸ್ಟ್ರೇಲಿಯಾದ ನಿಯಂತ್ರಕರು ಅದನ್ನು ಒಪ್ಪಿದರು. ನೂರಕ್ಕೆ ಒಂದು ಪಾಲು ಟೆಸ್ಟೋಸ್ಟೆರಾನ್ ಇರುವ ಕ್ರೀಮ್ ಅದು. ದಿನಕ್ಕೆ ಅರ್ಧ ಮಿಲಿಲೀಟರ್ ಹಚ್ಚಿದರೆ 5 ಮಿಲಿಗ್ರಾಂ. ಅಳೆಯಲು ಗೆರೆ ಹಾಕಿದ ಸಾಧನ ಜೊತೆಗೇ ಬರುತ್ತದೆ. ಅದು ಸಿಗದ ಕಡೆ ವೈದ್ಯರು ಗಂಡಸರ ಜೆಲ್ಲನ್ನೇ ಭಾಗ ಮಾಡಿ ಬಳಸಲು ಹೇಳುತ್ತಾರೆ. ಗಂಡಸರ ಒಂದು ಪೊಟ್ಟಣದಲ್ಲಿ 40.5 ಮಿಲಿಗ್ರಾಂ ಇದ್ದರೆ ಅದು ಹೆಂಗಸಿಗೆ ಎಂಟು ದಿನ ಬರಬೇಕು. ಪೊಟ್ಟಣದ ಮೂಲೆ ಕತ್ತರಿಸಿ, ಬಟಾಣಿ ಕಾಳಿನಷ್ಟು ಹಿಂಡಿಕೊಂಡು, ಬಾಯಿ ಮಡಚಿ ಕ್ಲಿಪ್ ಹಾಕಿ ಇಡಬೇಕು. ಈ ಬಟಾಣಿ ಲೆಕ್ಕ ನನಗೆ ಸಮಾಧಾನ ಕೊಡುವುದಿಲ್ಲ. ಒಬ್ಬರ ಬಟಾಣಿ ಇನ್ನೊಬ್ಬರ ಕಡಲೆ. ಅದಕ್ಕೆ ಸೂಜಿ ಇಲ್ಲದ ಒಂದು ಮಿಲಿಲೀಟರ್ ಸಿರಿಂಜ್ ಕೊಟ್ಟು, ಪೊಟ್ಟಣದ ಜೆಲ್ಲನ್ನು ಅದಕ್ಕೆ ಎಳೆದುಕೊಂಡು ಗೆರೆ ನೋಡಿ ಹಚ್ಚಿಕೊಳ್ಳಲು ಹೇಳುತ್ತೇನೆ. ಎಂಟು ದಿನದ ಪೊಟ್ಟಣ ನಾಲ್ಕೇ ದಿನಕ್ಕೆ ಮುಗಿದರೆ ದುಪ್ಪಟ್ಟು ಹಚ್ಚಿಕೊಂಡಿದ್ದೀರಿ ಅಂತ ಅರ್ಥ.

ತೊಡೆಯ ಹೊರಭಾಗ ಅಥವಾ ಪೃಷ್ಠದ ಚರ್ಮಕ್ಕೆ, ಒಣಗಿದ ಮೈಗೆ ಹಚ್ಚಬೇಕು. ಒಂದೇ ಜಾಗಕ್ಕೆ ದಿನಾ ಹಚ್ಚಿದರೆ ಅಲ್ಲೇ ಕೂದಲು ಬೆಳೆಯುತ್ತದೆ, ಜಾಗ ಬದಲಿಸುತ್ತಿರಿ. ಒಣಗಿದ ಮೇಲೆ ಬಟ್ಟೆ ಹಾಕಿ. ಕೈಯನ್ನು ಸೋಪು ಹಾಕಿ ತೊಳೆಯಿರಿ. ಈ ಕೊನೆಯದು ಶಾಸ್ತ್ರಕ್ಕೆ ಹೇಳುವ ಮಾತಲ್ಲ. ಚರ್ಮದಿಂದ ಚರ್ಮಕ್ಕೆ ಔಷಧಿ ದಾಟುತ್ತದೆ. ಚಿಕ್ಕ ಮಕ್ಕಳಿಗೆ ಹೀಗೆ ದಾಟಿ, ವಯಸ್ಸಿಗೆ ಮೊದಲೇ ಗುಪ್ತಾಂಗದ ಕೂದಲು ಬಂದದ್ದಿದೆ. ಮೊಮ್ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಳ್ಳುವವರು ಜಾಗವನ್ನು ಬಟ್ಟೆಯಿಂದ ಮುಚ್ಚಿಕೊಳ್ಳಿ.

ಪರಿಣಾಮ ನಾಳೆ ಬೆಳಗ್ಗೆ ಕಾಣುವುದಿಲ್ಲ. ಕೆಲವು ವಾರ ಬೇಕು, ಪೂರ್ತಿ ಗೊತ್ತಾಗಲು ಸುಮಾರು ಮೂರು ತಿಂಗಳು. ಆರು ತಿಂಗಳಾದರೂ ಏನೂ ಅನ್ನಿಸದಿದ್ದರೆ ನಿಲ್ಲಿಸಿಬಿಡಬೇಕು. ಇಲ್ಲಿ ಬಹಳ ಜನ, ವೈದ್ಯರೂ ಸೇರಿ, ಎಡವುತ್ತಾರೆ. ಆಗಲಿಲ್ಲ ಅಂದರೆ ಇನ್ನೂ ಸ್ವಲ್ಪ ಏರಿಸೋಣ ಅನ್ನುತ್ತಾರೆ. ಏರಿಸಿದರೆ ಗುಣ ಏರುವುದಿಲ್ಲ, ಕೂದಲು ಏರುತ್ತದೆ.

ಅಡ್ಡಪರಿಣಾಮದಲ್ಲಿ ಸಾಮಾನ್ಯವಾದವು ಮೊಡವೆ ಮತ್ತು ಮೈ ಮೇಲೆ, ಮುಖದ ಮೇಲೆ ಸ್ವಲ್ಪ ಕೂದಲು. ಸರಿಯಾದ ಪ್ರಮಾಣದಲ್ಲಿ ಇವು ಸೌಮ್ಯವಾಗಿರುತ್ತವೆ. ನಿಲ್ಲಿಸಿದರೆ ಮೊಡವೆ ಹೋಗುತ್ತದೆ. ಪ್ರಮಾಣ ಮೀರಿದಾಗ ಬರುವುದು ಬೇರೆ: ನೆತ್ತಿಯ ಕೂದಲು ಉದುರುವುದು, ಚಂದ್ರನಾಡಿ (ಕ್ಲಿಟೋರಿಸ್) ದೊಡ್ಡದಾಗುವುದು, ದನಿ ದಪ್ಪವಾಗುವುದು. ದನಿ ಒಮ್ಮೆ ದಪ್ಪವಾದರೆ ವಾಪಸ್ ಬರುವುದಿಲ್ಲ. ಹಾಡುವವರು, ಪಾಠ ಹೇಳುವವರು, ದನಿಯಿಂದಲೇ ಬದುಕುವವರು ಶುರು ಮಾಡುವ ಮೊದಲೇ ಇದನ್ನು ವೈದ್ಯರಿಗೆ ತಿಳಿಸಬೇಕು. ಆಟಗಾರ್ತಿಯರು ಯಾರಾದರೂ ಇದ್ದರೆ, ಇದು ನಿಷೇಧಿತ ಔಷಧಿಗಳ ಪಟ್ಟಿಯಲ್ಲಿದೆ ಅನ್ನುವುದು ನೆನಪಿರಲಿ.

ನುಂಗುವ ರೂಪ ಬೇಡ, ಅದು ಕೆಟ್ಟ ಕೊಲೆಸ್ಟರಾಲನ್ನು ಏರಿಸುತ್ತದೆ. ಇಂಜೆಕ್ಷನ್ ಬೇಡ. ಚರ್ಮದ ಕೆಳಗೆ ಇಡುವ ಪೆಲೆಟ್ ಅಂತೂ ಬೇಡವೇ ಬೇಡ. ಕೆಲವು ಕಡೆ ಇದೇ ದೊಡ್ಡ ದಂಧೆ. ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪದ ಗುಳಿಗೆಯನ್ನು ಸೊಂಟದ ಕೆಳಗೆ ಚರ್ಮ ಕೊಯ್ದು ಇಡುತ್ತಾರೆ. ಮೂರು ನಾಲ್ಕು ತಿಂಗಳು ಚಿಂತೆ ಇಲ್ಲ ಅನ್ನುತ್ತಾರೆ. ತೊಂದರೆಯೂ ಅದೇ. ಮಟ್ಟ ಹೆಂಗಸಿನ ಮಿತಿಯನ್ನು ಎಷ್ಟೋ ಪಟ್ಟು ಮೀರಿದರೂ ತಕ್ಷಣ ತೆಗೆದು ಬಿಸಾಡಲು ಆಗುವುದಿಲ್ಲ. ಕ್ರೀಮ್ ಆದರೆ ಇವತ್ತು ಬೇಡ ಅನ್ನಿಸಿದರೆ ಇವತ್ತೇ ನಿಲ್ಲಿಸಬಹುದು. 2019ರ ಒಮ್ಮತದ ಹೇಳಿಕೆಯೂ ಮಿತಿ ಮೀರಿಸುವ ಪೆಲೆಟ್ ಮತ್ತು ಇಂಜೆಕ್ಷನ್ ಬೇಡ ಅನ್ನುತ್ತದೆ.

ಇಲ್ಲಿಗೆ ನನ್ನ ಮಾತು ನಿಲ್ಲಿಸಿ ಪ್ರಶ್ನೆ ಕೇಳಲು ಹೇಳಿದೆ. ಚೀಟಿಯಲ್ಲಿ ಬರೆದುಕೊಟ್ಟವರೇ ಜಾಸ್ತಿ. ಕೆಲವನ್ನು ಇಲ್ಲಿ ಕೊಡುತ್ತಿದ್ದೇನೆ.

ಸ್ತನ ಕ್ಯಾನ್ಸರ್ ಬರುತ್ತದಾ?

ಇದುವರೆಗಿನ ಪರೀಕ್ಷೆಗಳಲ್ಲಿ ಅಪಾಯ ಹೆಚ್ಚಿದ್ದು ಕಂಡಿಲ್ಲ. ಆದರೆ ಆ ಪರೀಕ್ಷೆಗಳು ಹೆಚ್ಚೆಂದರೆ ಒಂದೆರಡು ವರ್ಷದವು. ಕ್ಯಾನ್ಸರ್ ಬಗ್ಗೆ ಗಟ್ಟಿಯಾಗಿ ಹೇಳಲು ಅಷ್ಟು ಸಾಲದು. ಹೃದಯದ ವಿಷಯಕ್ಕೂ ಇದೇ ಉತ್ತರ, ಯಾಕೆಂದರೆ ಹೃದಯದ ಅಪಾಯ ಜಾಸ್ತಿ ಇರುವವರನ್ನು ಈ ಪರೀಕ್ಷೆಗಳಿಗೆ ಸೇರಿಸಿಕೊಂಡಿರಲಿಲ್ಲ. ಹಾರ್ಮೋನಿನಿಂದ ಬೆಳೆಯುವ ಸ್ತನ ಕ್ಯಾನ್ಸರ್ ಆಗಿದ್ದವರಿಗೆ ನಾನು ಕೊಡುವುದಿಲ್ಲ.

ನನಗಿನ್ನೂ ಮುಟ್ಟು ಬರುತ್ತಿದೆ, ವಯಸ್ಸು 44. ತೆಗೆದುಕೊಳ್ಳಬಹುದಾ?

ಮುಟ್ಟು ನಿಲ್ಲದವರಿಗೆ ಕೊಡಲು ಪುರಾವೆ ಸಾಲದು. ಇನ್ನೊಂದು ವಿಷಯ ಮರೆಯಬೇಡಿ. ಮುಟ್ಟು ಏರುಪೇರಾಗಿದ್ದರೂ ಬಸಿರಾಗುವ ಸಾಧ್ಯತೆ ಇದೆ. ಹೊಟ್ಟೆಯಲ್ಲಿರುವುದು ಹೆಣ್ಣು ಮಗುವಾಗಿದ್ದರೆ ತಾಯಿ ತೆಗೆದುಕೊಂಡ ಟೆಸ್ಟೋಸ್ಟೆರಾನ್ ಮಗುವಿನ ಜನನಾಂಗದ ಬೆಳವಣಿಗೆಯನ್ನೇ ಬದಲಿಸಬಹುದು. ಯಾವುದೇ ಕಾರಣಕ್ಕೆ ವೈದ್ಯರು ಕೊಟ್ಟರೂ ಗರ್ಭನಿರೋಧಕ ಬಳಸಲೇಬೇಕು.

ಪಿಸಿಒಎಸ್ ಇದ್ದವರು?

ಇದು ಅಂಡಾಶಯದ ಕೆಲಸ ಏರುಪೇರಾಗುವ ಹಾರ್ಮೋನಿನ ತೊಂದರೆ. ಅದು ಇರುವವರಲ್ಲಿ ಬಹಳ ಜನಕ್ಕೆ ಟೆಸ್ಟೋಸ್ಟೆರಾನ್ ಮೊದಲೇ ಜಾಸ್ತಿ. ಮೊಡವೆ, ಗಲ್ಲದ ಕೂದಲು, ತಪ್ಪುವ ಮುಟ್ಟು ಅದರಿಂದಲೇ. ಮುಟ್ಟು ನಿಂತ ಮೇಲೂ ಪರೀಕ್ಷೆ ಮಾಡದೆ ಕೊಡಬಾರದು.

ಡಿಎಚ್‌ಇಎ ಮಾತ್ರೆ ಅಂಗಡಿಯಲ್ಲೇ ಸಿಗುತ್ತದಂತೆ, ಅದು ಇದಕ್ಕೆ ಬದಲಿಯಾ?

ಅಲ್ಲ. ಅದು ಅಡ್ರಿನಲ್ ಗ್ರಂಥಿಗಳಲ್ಲಿ ತಯಾರಾಗುವ ಒಂದು ಹಾರ್ಮೋನು. ಮೈಯೊಳಗೆ ಟೆಸ್ಟೋಸ್ಟೆರಾನ್ ಆಗಿ ಬದಲಾಗುವುದು ನಿಜ. ನುಂಗಿದಾಗ ಆಸೆಗೆ ಉಪಯೋಗವಾಗುತ್ತದೆ ಅಂತ ಪರೀಕ್ಷೆಗಳಲ್ಲಿ ಕಂಡಿಲ್ಲ. ಯೋನಿಯೊಳಗೆ ಇಡುವ ರೂಪದ್ದು ಬೇರೆ. ಒಣಗಿ ನೋವಾಗುವುದಕ್ಕೆ ಅದು ಉಪಯೋಗ, 2016ರಲ್ಲಿ ಎಫ್‌ಡಿಎ ಅದಕ್ಕೆ ಒಪ್ಪಿಗೆ ಕೊಟ್ಟಿದೆ.

ನಮ್ಮೆಜಮಾನರ ಜೆಲ್ ಮನೆಯಲ್ಲೇ ಇದೆ, ಅದರಲ್ಲೇ ಸ್ವಲ್ಪ ಹಚ್ಚಿಕೊಳ್ಳಬಹುದಾ?

ಸಭೆಯಲ್ಲಿ ಎಲ್ಲರೂ ನಕ್ಕರು. ನಾನು ನಗಲಿಲ್ಲ, ಯಾಕೆಂದರೆ ಇದು ನಿಜಕ್ಕೂ ನಡೆಯುತ್ತದೆ. ಔಷಧಿ ಅದೇ ಇರಬಹುದು, ಆದರೆ ಒಂದು ಒತ್ತಿಗೆ ಪಂಪಿನಿಂದ ಎಷ್ಟು ಬರುತ್ತದೆ ಅನ್ನುವುದು ಬ್ರಾಂಡಿನಿಂದ ಬ್ರಾಂಡಿಗೆ ಬೇರೆ. ಒಂದರಲ್ಲಿ 10 ಮಿಲಿಗ್ರಾಂ, ಇನ್ನೊಂದರಲ್ಲಿ 20. ಒಂದು ಒತ್ತಿನಲ್ಲೇ ನಿಮ್ಮ ನಾಲ್ಕು ದಿನದ ಪಾಲು ಮೈಮೇಲೆ ಬೀಳಬಹುದು. ರಕ್ತ ಪರೀಕ್ಷೆ ಇಲ್ಲ, ಕಾಯುವವರಿಲ್ಲ. ಬೇಡ.

ಎಷ್ಟು ವರ್ಷ ಹಚ್ಚಿಕೊಳ್ಳಬಹುದು?

ಇಷ್ಟೇ ವರ್ಷ ಅಂತ ಗೆರೆ ಇಲ್ಲ. ಆರು ತಿಂಗಳಿಗೊಮ್ಮೆ ಬಂದಾಗ ಎರಡು ವಿಷಯ ನೋಡುತ್ತೇನೆ: ಉಪಯೋಗ ಈಗಲೂ ಇದೆಯೇ, ಮಟ್ಟ ಮಿತಿಯಲ್ಲಿದೆಯೇ. ವರ್ಷ ಒಂದೆರಡು ಕಳೆದ ಮೇಲೆ ಕೆಲವು ತಿಂಗಳು ಬಿಟ್ಟು ನೋಡಿ ಅನ್ನುತ್ತೇನೆ. ಈ ಪ್ರಮಾಣದಲ್ಲಿ ನಿಧಾನಕ್ಕೆ ಇಳಿಸುವ ಅಗತ್ಯವೂ ಇಲ್ಲ, ಒಂದು ದಿನ ಹಚ್ಚುವುದು ಬಿಟ್ಟರೆ ಆಯಿತು. ಬಿಟ್ಟ ಮೇಲೆ ವ್ಯತ್ಯಾಸ ಗೊತ್ತಾಗದಿದ್ದರೆ ಟ್ಯೂಬನ್ನು ಮತ್ತೆ ತೆರೆಯಬೇಕಿಲ್ಲ. ವ್ಯತ್ಯಾಸ ಗೊತ್ತಾಗಿ ಬೇಸರವಾದರೆ ರಕ್ತ ಪರೀಕ್ಷೆ ಮಾಡಿಸಿ, ಮತ್ತೆ ಅದೇ 5 ಮಿಲಿಗ್ರಾಂನಿಂದ ಶುರು ಮಾಡುತ್ತೇವೆ.